ಓದುಗರ ಪ್ರಶ್ನೆ, ವಕೀಲರ ಉತ್ತರ: ಪರದೇಶದ ಮೇಲಿನ ನಿರ್ಬಂಧ ಮತ್ತು ಕಾನೂನಿನ ಕೀಲಿಕೈ

ಪಾಕಿಸ್ತಾನದ ಸರಕಿಗೆ ಭಾರತ ವಿಧಿಸಿರುವ ನಿಷೇಧದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾನು ಕೊಟ್ಟ ನಾಲ್ಕು ಸಾಲಿನ ಉತ್ತರ ಸಾಲದೆಂದು ಮುಂಬೈ, ಪುಣೆ ಮತ್ತು ಗೋವಾದ ಹಲವು ಓದುಗರು ಬರೆದಿದ್ದಾರೆ. ಅವರ ಮಾತು ಸರಿಯಾಗಿದೆ. ಒಂದು ದೇಶದ ಸರ್ಕಾರವನ್ನು ದಾರಿಗೆ ತರಲೆಂದು ವ್ಯಾಪಾರವನ್ನು ನಿಲ್ಲಿಸುವ ನಿರ್ಧಾರ ಕಾನೂನಿನ ರೂಪ ಪಡೆಯುವುದು ಹೇಗೆ, ಪಡೆದ ಮೇಲೆ ಏನಾಗುತ್ತದೆ ಎಂಬುದಕ್ಕೇ ಈ ಬಾರಿಯ ಅಂಕಣವನ್ನು ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಸರ್ಕಾರಿ ಆದೇಶದಿಂದಲೇ ಆರ್ಥಿಕ ನಿರ್ಬಂಧ ಹೇರಲು ಸಾಧ್ಯವಿರುವಾಗ ಅಮೆರಿಕದ ಸಂಸತ್ತು ಅದನ್ನು ಕಾಯ್ದೆಯಾಗಿ ಬರೆಯುವುದೇಕೆ? ಇದರಿಂದ ನಿರ್ಬಂಧದ ಬಲ ಹೆಚ್ಚುತ್ತದೆಯೇ?
(ಕಾನೂನು ವಿದ್ಯಾರ್ಥಿನಿ, ಕೋಥ್ರೂಡ್, ಪುಣೆ)

ಉತ್ತರ: ಆದೇಶದ ಕೀಲಿಕೈ ಅದನ್ನು ಹೊರಡಿಸಿದವರ ಸೊಂಟದಲ್ಲಿಯೇ ಇರುತ್ತದೆ, ಕಾಯ್ದೆಯ ಕೀಲಿಕೈ ಶಾಸನಸಭೆಯ ತಿಜೋರಿಗೆ ಸೇರುತ್ತದೆ. ಅಮೆರಿಕದ ಅಧ್ಯಕ್ಷರಿಗೆ 1977ರ ಅಂತರರಾಷ್ಟ್ರೀಯ ತುರ್ತು ಆರ್ಥಿಕ ಅಧಿಕಾರಗಳ ಕಾಯ್ದೆಯಡಿ ತುರ್ತುಸ್ಥಿತಿ ಘೋಷಿಸಿ ಬೇರೊಂದು ದೇಶದ ಹಣವನ್ನೂ ವ್ಯಾಪಾರವನ್ನೂ ತಡೆಹಿಡಿಯುವ ಅಧಿಕಾರ ಮೊದಲಿನಿಂದಲೇ ಇದೆ. ಹೀಗಿದ್ದೂ ಸಂಸತ್ತು ಪ್ರತ್ಯೇಕ ಕಾಯ್ದೆ ಬರೆಯಲು ಹೊರಡುವುದು ಅಧ್ಯಕ್ಷರ ಮೇಲೆ ನಂಬಿಕೆ ಕಡಿಮೆಯಾದಾಗ. ಅವರು ನಿರ್ಬಂಧ ಹೇರಲು ಹಿಂಜರಿಯುತ್ತಿದ್ದಾರೆ ಎಂಬ ಅಸಮಾಧಾನ ಒಮ್ಮೆ ಕಾರಣವಾದರೆ, ಹೇರಿದ್ದನ್ನು ಅವಸರದಲ್ಲಿ ತೆಗೆದುಬಿಟ್ಟಾರು ಎಂಬ ಆತಂಕ ಇನ್ನೊಮ್ಮೆ ಕಾರಣವಾಗುತ್ತದೆ.

ಮೊದಲನೆಯದಕ್ಕೆ ದಕ್ಷಿಣ ಆಫ್ರಿಕದ ಕಥೆಯೇ ಸಾಕ್ಷಿ. ವರ್ಣಭೇದ ಸರ್ಕಾರದ ವಿರುದ್ಧ ಸಂಸತ್ತು ಅಂಗೀಕರಿಸಿದ ಮಸೂದೆಗೆ 1986ರಲ್ಲಿ ಅಧ್ಯಕ್ಷ ರೇಗನ್ ವೀಟೊ ಹಾಕಿ ತಡೆದಾಗ, ಕೆಳಮನೆ 313–83 ಮತಗಳಿಂದಲೂ ಸೆನೆಟ್ 78–21 ಮತಗಳಿಂದಲೂ ಆ ತಡೆಯನ್ನು ಮೀರಿ ಅಕ್ಟೋಬರ್ 2ರಂದು ಅದನ್ನು ಕಾಯ್ದೆಯನ್ನಾಗಿ ಮಾಡಿದವು. ಆ ಕಾಯ್ದೆಯನ್ನು ನಾನು ಗೌರವಿಸುವುದು ಅದರ ಕಠೋರತೆಗಾಗಿ ಅಲ್ಲ. ನಿರ್ಬಂಧ ಯಾವಾಗ ಕೊನೆಗೊಳ್ಳುತ್ತದೆ ಎಂಬುದನ್ನು ಅದು ಮೊದಲ ದಿನವೇ ಬರೆದಿಟ್ಟಿತು: ನೆಲ್ಸನ್ ಮಂಡೇಲಾ ಮತ್ತು ರಾಜಕೀಯ ಕೈದಿಗಳ ಬಿಡುಗಡೆಯಾಗಬೇಕು, ತುರ್ತುಸ್ಥಿತಿ ತೆರವಾಗಬೇಕು, ನಿಷೇಧಿತ ಪಕ್ಷಗಳಿಗೆ ಮತ್ತೆ ಅವಕಾಶ ಸಿಗಬೇಕು, ಜನರನ್ನು ಬಣ್ಣದಿಂದ ವಿಂಗಡಿಸುವ ಎರಡು ಮುಖ್ಯ ಕಾನೂನುಗಳು ರದ್ದಾಗಬೇಕು, ಕಪ್ಪು ಜನರ ನಾಯಕರೊಂದಿಗೆ ಪ್ರಾಮಾಣಿಕ ಮಾತುಕತೆ ಆರಂಭವಾಗಬೇಕು. ಪ್ರಿಟೋರಿಯಾದಲ್ಲಿ ಕುಳಿತ ಸರ್ಕಾರಕ್ಕೆ ತಾನು ಯಾವ ಮೆಟ್ಟಿಲು ಹತ್ತಿದರೆ ಬಾಗಿಲು ತೆರೆಯುತ್ತದೆ ಎಂಬುದು ಸ್ಪಷ್ಟವಾಗಿತ್ತು. 1990ರ ಫೆಬ್ರವರಿಯಲ್ಲಿ ಮಂಡೇಲಾ ಹೊರಬಂದರು, 1991ರಲ್ಲಿ ಆ ಕಾನೂನುಗಳು ರದ್ದಾದವು, ಅದೇ ಜುಲೈ 10ರಂದು ಅಧ್ಯಕ್ಷ ಬುಷ್ ಷರತ್ತುಗಳು ಈಡೇರಿವೆಯೆಂದು ಘೋಷಿಸಿ ನಿರ್ಬಂಧವನ್ನು ತೆಗೆದರು. ಬದಲಾವಣೆಗೆ ಆ ಒಂದು ಕಾಯ್ದೆಯೇ ಕಾರಣವೆಂದು ನಾನು ಹೇಳುವುದಿಲ್ಲ. ಆ ದೇಶದ ಜನರೇ ರಕ್ತ ಬಸಿದು ಹೋರಾಡಿದ್ದರು. ಈ ಹಾದಿಯಲ್ಲಿ ಎಲ್ಲರಿಗಿಂತ ಮೊದಲು ಹೆಜ್ಜೆ ಇಟ್ಟ ದೇಶ ಭಾರತವೆಂಬುದನ್ನೂ ಮರೆಯಬಾರದು. ಅಲ್ಲಿನ ಭಾರತೀಯರ ಭೂಮಿಯ ಹಕ್ಕನ್ನು ಕಸಿದ ಕಾನೂನಿಗೆ ಉತ್ತರವಾಗಿ, ನಮಗಿನ್ನೂ ಸ್ವಾತಂತ್ರ್ಯವೇ ಬಂದಿರದ 1946ರ ಜುಲೈನಲ್ಲಿ, ಭಾರತವು ದಕ್ಷಿಣ ಆಫ್ರಿಕದೊಂದಿಗಿನ ವ್ಯಾಪಾರವನ್ನು ಕಡಿದುಕೊಂಡಿತು.

ಇನ್ನು ಕಾಯ್ದೆಯ ಇನ್ನೊಂದು ಮುಖ. ಸೋವಿಯತ್ ಒಕ್ಕೂಟವು ತನ್ನ ಯಹೂದಿ ಪ್ರಜೆಗಳಿಗೆ ದೇಶ ಬಿಡಲು ಅವಕಾಶ ಕೊಡುತ್ತಿಲ್ಲವೆಂದು 1974ರ ವ್ಯಾಪಾರ ಕಾಯ್ದೆಯಲ್ಲಿ ವ್ಯಾಪಾರ ರಿಯಾಯಿತಿಯನ್ನು ತಡೆಹಿಡಿಯುವ ಜಾಕ್ಸನ್–ವಾನಿಕ್ ತಿದ್ದುಪಡಿ ಸೇರಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಅಳಿಯಿತು, ವಲಸೆಯ ತಡೆಯೂ ಹೋಯಿತು. ಆದರೂ ಆ ತಿದ್ದುಪಡಿ ರಷ್ಯಾದ ಮಟ್ಟಿಗೆ 2012ರ ಡಿಸೆಂಬರ್‌ವರೆಗೆ ಪುಸ್ತಕದಲ್ಲಿ ಉಳಿದಿತ್ತು. ರೋಗಿ ಗುಣಮುಖನಾದ ಇಪ್ಪತ್ತು ವರ್ಷಗಳ ತನಕ ಹೊಲಿಗೆ ಬಿಚ್ಚಲಿಲ್ಲ. ಕ್ಯೂಬಾದ ಸ್ಥಿತಿ ಇದಕ್ಕಿಂತ ಕಷ್ಟದ್ದು. 1962ರಲ್ಲಿ ಅಧ್ಯಕ್ಷ ಕೆನಡಿ ಆದೇಶದಿಂದ ಹೇರಿದ ವ್ಯಾಪಾರ ನಿಷೇಧವನ್ನು, ಕ್ಯೂಬಾದ ವಾಯುಪಡೆ ಎರಡು ನಾಗರಿಕ ವಿಮಾನಗಳನ್ನು ಹೊಡೆದುರುಳಿಸಿದ ಕೋಪದ ಗಳಿಗೆಯಲ್ಲಿ, 1996ರ ಮಾರ್ಚ್‌ನಲ್ಲಿ ಹೆಲ್ಮ್ಸ್–ಬರ್ಟನ್ ಕಾಯ್ದೆಯೊಳಗೆ ಕಟ್ಟಿಹಾಕಲಾಯಿತು. ಆದ್ದರಿಂದಲೇ 2014ರ ಕೊನೆಯಲ್ಲಿ ಸಂಬಂಧ ಸುಧಾರಿಸಲು ಮುಂದಾದ ಅಧ್ಯಕ್ಷ ಒಬಾಮಾ ರಾಯಭಾರ ಕಚೇರಿ ತೆರೆಯಬಲ್ಲವರಾಗಿದ್ದರೂ ನಿಷೇಧವನ್ನು ತೆಗೆಯಬಲ್ಲವರಾಗಿರಲಿಲ್ಲ. ಅಲ್ಲಿಯೂ ಷರತ್ತುಗಳು ಇವೆ ಎಂದು ನೀವು ಕೇಳಬಹುದು. ಇವೆ, ಆದರೆ ಕ್ಯಾಸ್ಟ್ರೊ ಸಹೋದರರಿಲ್ಲದ ಹೊಸ ಸರ್ಕಾರವೇ ಬರಬೇಕೆಂಬುದು ಅವುಗಳಲ್ಲೊಂದು. ನೀನು ಇಲ್ಲವಾದರೆ ನಿನ್ನೊಂದಿಗೆ ವ್ಯಾಪಾರ ಮಾಡುತ್ತೇನೆ ಎನ್ನುವ ಷರತ್ತನ್ನು ಯಾವ ಸರ್ಕಾರ ಪಾಲಿಸೀತು?

2017ರ ಆಗಸ್ಟ್‌ನ ಕಾಟ್ಸಾ ಕಾಯ್ದೆ ಎರಡನೆಯ ಬಗೆಯ ಅಪನಂಬಿಕೆಯಿಂದ ಹುಟ್ಟಿದ್ದು. ರಷ್ಯಾದ ಮೇಲಿನ ನಿರ್ಬಂಧವನ್ನು ಅಧ್ಯಕ್ಷರು ಸಡಿಲಿಸಬೇಕಾದರೆ ಮೊದಲು ಸಂಸತ್ತಿನ ಪರಿಶೀಲನೆಗೆ ಕಳುಹಿಸಬೇಕೆಂದು ಅದು ಹೇಳುತ್ತದೆ; ರಷ್ಯಾದಿಂದ ದೊಡ್ಡ ಶಸ್ತ್ರ ಕೊಳ್ಳುವವರ ಮೇಲೂ ಕ್ರಮಕ್ಕೆ ಅದರಲ್ಲಿ ಅವಕಾಶವಿದೆ. ರಷ್ಯಾದಿಂದ ಎಸ್–400 ಕ್ಷಿಪಣಿ ವ್ಯವಸ್ಥೆ ಕೊಂಡ ತುರ್ಕಿಯ ಮೇಲೆ 2020ರ ಡಿಸೆಂಬರ್‌ನಲ್ಲಿ ಅದೇ ಕಾಯ್ದೆಯಡಿ ಕ್ರಮ ಬಿದ್ದಿತು. ಅದನ್ನೇ ಕೊಳ್ಳಲು 2018ರಲ್ಲಿ ಒಪ್ಪಂದ ಮಾಡಿಕೊಂಡಿದ್ದ ನಾವು ವರ್ಷಗಟ್ಟಲೆ ಅದರ ನೆರಳಿನಲ್ಲಿ ನಡೆಯಬೇಕಾಯಿತು.

ಹೀಗಾಗಿ ಕಾಯ್ದೆಯಿಂದ ನಿರ್ಬಂಧಕ್ಕೆ ಬರುವುದು ಆಯುಷ್ಯ. ಆ ಆಯುಷ್ಯ ಬಲವಾಗುವುದು ಎದುರಿನವನು ಈಡೇರಿಸಬಹುದಾದ ಷರತ್ತನ್ನು ಕಾಯ್ದೆಯಲ್ಲೇ ಬರೆದಾಗ ಮಾತ್ರ.

ಪ್ರಶ್ನೆ: 1998ರ ಪೋಖ್ರಾನ್ ಪರೀಕ್ಷೆಯ ಸಮಯದಲ್ಲಿ ನಾನು ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದಲ್ಲಿ ಕೆಲಸದಲ್ಲಿದ್ದೆ. ಎರಡೇ ದಿನದಲ್ಲಿ ಅಮೆರಿಕ ನಮ್ಮ ಮೇಲೆ ನಿರ್ಬಂಧ ಹೇರಿತು. ಅಷ್ಟು ಬೇಗ ಹೇಗೆ ಸಾಧ್ಯವಾಯಿತು, ಮತ್ತೆ ಅಷ್ಟೇ ಬೇಗ ಅದು ಸಡಿಲವಾದದ್ದೇಕೆ?
(ನಿವೃತ್ತ ಓದುಗರು, ಚೆಂಬೂರು, ಮುಂಬೈ)

ಉತ್ತರ: ಬೇಗ ಸಾಧ್ಯವಾದದ್ದು ಕಾಯ್ದೆ ಮೊದಲೇ ಬರೆದು ಸಿದ್ಧವಾಗಿದ್ದರಿಂದ. 1994ರಲ್ಲಿ ಅಂಗೀಕಾರವಾಗಿದ್ದ ಗ್ಲೆನ್ ತಿದ್ದುಪಡಿಯ ಪ್ರಕಾರ, ಅಣ್ವಸ್ತ್ರ ಹೊಂದಿದ ರಾಷ್ಟ್ರವೆಂದು ಮಾನ್ಯತೆ ಪಡೆಯದ ಯಾವುದೇ ದೇಶ ಅಣು ಸ್ಫೋಟ ನಡೆಸಿದರೆ ನೆರವು, ಶಸ್ತ್ರ ಮಾರಾಟ, ಸರ್ಕಾರಿ ಸಾಲ ಖಾತರಿ ಎಲ್ಲವನ್ನೂ ಅಧ್ಯಕ್ಷರು ನಿಲ್ಲಿಸಲೇಬೇಕಾಗಿತ್ತು. ವಿನಾಯಿತಿ ಕೊಡುವ ಅಧಿಕಾರವನ್ನು ಅವರಿಗೆ ಬಿಟ್ಟಿರಲಿಲ್ಲ. ಮೇ 11 ಮತ್ತು 13ರಂದು ನಮ್ಮ ಪರೀಕ್ಷೆಗಳು ನಡೆದವು, 13ರಂದು ಜರ್ಮನಿ ಪ್ರವಾಸದಲ್ಲಿದ್ದ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು.

ಸಡಿಲವಾದ ಬಗೆಯನ್ನು ನಮ್ಮ ಶಾಸಕರೂ ಗಮನಿಸಬೇಕು. ಮೇ ಕೊನೆಯಲ್ಲಿ ಪಾಕಿಸ್ತಾನವೂ ಪರೀಕ್ಷೆ ನಡೆಸಿದ ಕೂಡಲೇ ಅದೇ ಕಾಯ್ದೆ ಅದಕ್ಕೂ ಅನ್ವಯವಾಯಿತು. ಆ ದೇಶ ಆಗ ಅಮೆರಿಕದ ಗೋಧಿಗೆ ದೊಡ್ಡ ಗಿರಾಕಿಯಾಗಿತ್ತು. ಗೋಧಿ ಖರೀದಿಗೆ ಅಮೆರಿಕ ಸರ್ಕಾರ ಕೊಡುತ್ತಿದ್ದ ಸಾಲದ ಖಾತರಿ ನಿಂತರೆ ವಾಷಿಂಗ್ಟನ್ ರಾಜ್ಯದ ಮತ್ತು ಅದರ ಸುತ್ತಲಿನ ರೈತರ ಕಣಜ ತುಂಬಿಯೇ ಉಳಿಯುತ್ತಿತ್ತು. ಜುಲೈ 14ರೊಳಗೆ, ಅಂದರೆ ಕಾಯ್ದೆ ಜಾರಿಯಾದ ಎರಡೇ ತಿಂಗಳಲ್ಲಿ, ಕೃಷಿ ಸಾಲಕ್ಕೆ ವಿನಾಯಿತಿ ಕೊಡುವ ಇನ್ನೊಂದು ಕಾಯ್ದೆಯನ್ನು ಅದೇ ಸಂಸತ್ತು ಮಾಡಿತು. ಅಕ್ಟೋಬರ್‌ನಲ್ಲಿ ಬ್ರೌನ್‌ಬ್ಯಾಕ್ ತಿದ್ದುಪಡಿ ಬಂದು ಅಧ್ಯಕ್ಷರಿಗೆ ಒಂದು ವರ್ಷದ ಮಟ್ಟಿಗೆ ವಿನಾಯಿತಿಯ ಅಧಿಕಾರ ಸಿಕ್ಕಿತು. ಕೊನೆಗೆ 2001ರ ಸೆಪ್ಟೆಂಬರ್ 22ರಂದು, ನ್ಯೂಯಾರ್ಕ್ ದಾಳಿಯ ನಂತರದ ಹೊಸ ಲೆಕ್ಕಾಚಾರದಲ್ಲಿ, ಉಳಿದದ್ದನ್ನೂ ಅಂದಿನ ಅಧ್ಯಕ್ಷ, ಮೇಲೆ ಹೇಳಿದ ಬುಷ್ ಅವರ ಮಗ ಜಾರ್ಜ್ ಬುಷ್ ತೆಗೆದುಹಾಕಿದರು. ಭಾರತ ಮಾಡಿದ್ದ ಕೆಲಸವಾಗಲಿ ಕಾಯ್ದೆಯ ಉದ್ದೇಶವಾಗಲಿ ಈ ಮೂರು ವರ್ಷಗಳಲ್ಲಿ ಬದಲಾಗಿರಲಿಲ್ಲ.

ಆ ಆಗಸ್ಟ್‌ನಲ್ಲಿ ಮುಂಬೈಯಲ್ಲೇ ಕೇಂದ್ರ ಕಚೇರಿಯಿರುವ ಸ್ಟೇಟ್ ಬ್ಯಾಂಕ್ ಅನಿವಾಸಿ ಭಾರತೀಯರಿಂದ ರಿಸರ್ಜೆಂಟ್ ಇಂಡಿಯಾ ಬಾಂಡ್‌ಗಳ ಮೂಲಕ 420 ಕೋಟಿ ಡಾಲರ್ ಸಂಗ್ರಹಿಸಿದ್ದು ನಿಮಗೆ ನೆನಪಿರಬಹುದು. ನಾನಾಗ ಬಲ್ಲಾರ್ಡ್ ಎಸ್ಟೇಟಿನ ಒಂದು ವಕೀಲರ ಕಚೇರಿಯಲ್ಲಿ ಕಿರಿಯ ಸಹಾಯಕ. ಕೊಲ್ಲಿಯ ನಮ್ಮ ತುಳುವರು, ಕೊಂಕಣಿಗರು, ಬ್ಯಾರಿಗಳು ಅರ್ಜಿ ತುಂಬುವ ಬಗೆ ಕೇಳಿ ದೂರವಾಣಿ ಮಾಡುತ್ತಿದ್ದ ಆ ದಿನಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ನಿಮ್ಮ ಸಂಸ್ಥೆಯ ಹಿರಿಯರಿಗೆ ಇದು ಹೊಸದೂ ಆಗಿರಲಿಲ್ಲ. 1963ರ ಒಪ್ಪಂದದಂತೆ ತಾರಾಪುರದ ಅಣು ವಿದ್ಯುತ್ ಸ್ಥಾವರಕ್ಕೆ ಮೂವತ್ತು ವರ್ಷ ಇಂಧನ ಕೊಡಬೇಕಿದ್ದ ಅಮೆರಿಕ, 1978ರಲ್ಲಿ ತಾನೇ ಮಾಡಿದ ಹೊಸ ಕಾಯ್ದೆಯನ್ನು ಮುಂದಿಟ್ಟು ಪೂರೈಕೆಯನ್ನು ತಡೆಯಿತು. 1982ರಲ್ಲಿ ಫ್ರಾನ್ಸ್ ಆ ಹೊಣೆ ಹೊರಲು ಒಪ್ಪಿದ ಮೇಲಷ್ಟೇ ಸಮಸ್ಯೆ ಬಗೆಹರಿಯಿತು. ಕೊಟ್ಟ ಮಾತಿನ ಮೇಲೆ ನಂತರದ ಕಾಯ್ದೆ ಸವಾರಿ ಮಾಡುವುದು ನನಗೆ ಎಂದಿಗೂ ಒಪ್ಪಿಗೆಯಾಗದ ಸಂಗತಿ.

ಪ್ರಶ್ನೆ: ನಮ್ಮ ಅಜ್ಜ ಕ್ಯಾಸಲ್ ರಾಕ್‌ನಲ್ಲಿ ರೈಲ್ವೆ ನೌಕರರಾಗಿದ್ದರು. 1955ರಲ್ಲಿ ಗೋವಾ ಗಡಿ ಮುಚ್ಚಿದಾಗ ಊರೇ ಮಂಕಾಯಿತೆಂದು ಹೇಳುತ್ತಿದ್ದರು. ಅದು ಕೂಡ ಆರ್ಥಿಕ ನಿರ್ಬಂಧವೇ? ಅದರಿಂದ ಪ್ರಯೋಜನವಾಯಿತೇ?
(ವಾಸ್ಕೊದ ಓದುಗರು, ಗೋವಾ)

ಉತ್ತರ: ಹೌದು, ಭಾರತ ತನ್ನ ನೆರೆಯಲ್ಲೇ ಪ್ರಯೋಗಿಸಿದ ದೊಡ್ಡ ದಿಗ್ಬಂಧನ ಅದು. 1955ರ ಆಗಸ್ಟ್ 15ರಂದು ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದ ಮೇಲೆ ಭಾರತ ಸರ್ಕಾರ ರೈಲನ್ನೂ ಸರಕನ್ನೂ ಹಣದ ರವಾನೆಯನ್ನೂ ನಿಲ್ಲಿಸಿತು. ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬರುತ್ತಿದ್ದ ರೈಲು ನಿಂತಾಗ, ಗಡಿ ಸುಂಕದ ಠಾಣೆಯಾಗಿದ್ದ ಕ್ಯಾಸಲ್ ರಾಕ್ ಮಂಕಾಗದೆ ಇರುವುದಾದರೂ ಹೇಗೆ? ಪೋರ್ಚುಗಲ್‌ನ ಮೇಲೆ ಎತ್ತಿದ ಕೈ ನಿಮ್ಮ ಅಜ್ಜನಂಥವರ ಮೇಲೂ ಬಿದ್ದಿತು, ಬೊಂಬಾಯಿಯ ಧೋಬಿ ತಲಾವ್‌ನ ಕೂಡುಗಳಲ್ಲಿ (ಗೋವಾದವರ ಸಾಮೂಹಿಕ ವಸತಿಗಳಲ್ಲಿ) ವಾಸಿಸುತ್ತ ಮನೆಗೆ ಹಣ ಕಳುಹಿಸುತ್ತಿದ್ದ ಗೋವಾದ ಹಡಗು ಕೆಲಸಗಾರರು ಮತ್ತು ಅಡುಗೆಯವರ ಮೇಲೂ ಬಿದ್ದಿತು.

ಪ್ರಯೋಜನದ ವಿಷಯದಲ್ಲಿ ಮಾತ್ರ ಉತ್ತರ ನಿರಾಶೆಯದು. ಲಿಸ್ಬನ್‌ನಲ್ಲಿ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್ ಬಗ್ಗಲಿಲ್ಲ. ಅದೇ ವರ್ಷ ದಾಬೋಳಿಯಲ್ಲಿ ವಿಮಾನ ನಿಲ್ದಾಣ ಸಿದ್ಧವಾಯಿತು, ಸ್ವಂತದ ವಿಮಾನ ಸಂಸ್ಥೆ ಆರಂಭವಾಯಿತು. ಆಲೂಗಡ್ಡೆ ಹಾಲೆಂಡಿನಿಂದ, ಚಹಾ ಸಿಲೋನಿನಿಂದ, ಸಿಮೆಂಟು ಜಪಾನಿನಿಂದ ಹಡಗಿನಲ್ಲಿ ಬಂದವು. ಕಬ್ಬಿಣದ ಅದಿರನ್ನು ಜಪಾನು ಮತ್ತು ಪಶ್ಚಿಮ ಜರ್ಮನಿ ಕೊಳ್ಳುತ್ತಿದ್ದುದರಿಂದ ಆ ಹಡಗುಗಳ ಬೆಲೆ ತೆರಲು ಹಣವೂ ಇತ್ತು. ಸಮುದ್ರದ ಕಡೆ ಬಾಗಿಲು ತೆರೆದಿರುವ ಮನೆಗೆ ಹಿತ್ತಿಲ ಬಾಗಿಲಿಗೆ ಬೀಗ ಹಾಕಿದಂತಾಯಿತು. ಆರು ವರ್ಷ ಕಾದು, 1961ರ ಡಿಸೆಂಬರ್‌ನಲ್ಲಿ ಸೇನೆಯೇ ಹೋಗಬೇಕಾಯಿತು. 19ರಂದು ಗೋವಾ ವಿಮೋಚನೆಯಾಯಿತು.

ನಿಮ್ಮ ಪ್ರಶ್ನೆಗೆ ಕಾನೂನಿನ ಒಂದು ಎಳೆಯೂ ಇದೆ. ಪೋರ್ಚುಗೀಸರ ಆಡಳಿತದಲ್ಲಿದ್ದ ದಾದ್ರಾ ಮತ್ತು ನಗರ ಹವೇಲಿಗೆ ಹೋಗುವ ದಾರಿಯನ್ನು 1954ರಲ್ಲಿ ಭಾರತ ತಡೆದದ್ದರ ವಿರುದ್ಧ ಪೋರ್ಚುಗಲ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿತ್ತು. ಖಾಸಗಿ ವ್ಯಕ್ತಿಗಳಿಗೆ, ನಾಗರಿಕ ಅಧಿಕಾರಿಗಳಿಗೆ ಮತ್ತು ಸಾಮಾನ್ಯ ಸರಕಿಗೆ ದಾರಿಯ ಹಕ್ಕು ರೂಢಿಯಿಂದ ಬಂದಿದೆ, ಸೇನೆಗೂ ಶಸ್ತ್ರಕ್ಕೂ ಅದಿಲ್ಲ, ಅಂದಿನ ಉದ್ವಿಗ್ನ ಸ್ಥಿತಿಯಲ್ಲಿ ಭಾರತ ತಡೆದದ್ದು ತಪ್ಪಲ್ಲ ಎಂದು 1960ರ ಏಪ್ರಿಲ್ 12ರಂದು ತೀರ್ಪು ಬಂದಿತು. ದಿನಸಿ ಚೀಲಕ್ಕೂ ಬಂದೂಕಿಗೂ ನ್ಯಾಯಾಲಯ ಎಳೆದ ಆ ಗೆರೆಯನ್ನು ನಿರ್ಬಂಧದ ಕಾನೂನು ಬರೆಯುವ ಪ್ರತಿಯೊಬ್ಬರೂ ಕಣ್ಣ ಮುಂದೆ ಇಟ್ಟುಕೊಳ್ಳಬೇಕೆಂದು ನನ್ನ ಆಸೆ.

ಪ್ರಶ್ನೆ: ಶತ್ರು ದೇಶದೊಂದಿಗೆ ವ್ಯವಹಾರ ಮಾಡುವ ಕಂಪನಿಗಳನ್ನು ಸರ್ಕಾರಿ ಖರೀದಿಯಿಂದ ಹೊರಗಿಡುವ ಕಾನೂನನ್ನು ಮಹಾರಾಷ್ಟ್ರ ವಿಧಾನಸಭೆ ಮಾಡಬಹುದೇ?
(ಬೊರಿವಲಿಯ ಓದುಗರು)

ಉತ್ತರ: ವಿದೇಶ ವ್ಯವಹಾರ ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 10ನೆಯ ನಮೂದು, ವಿದೇಶ ವ್ಯಾಪಾರ 41ನೆಯದು. ಆದ್ದರಿಂದ ವಿದೇಶವೊಂದನ್ನು ಶಿಕ್ಷಿಸುವ ಉದ್ದೇಶದ ರಾಜ್ಯ ಕಾನೂನು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲವೆಂದೇ ನನ್ನ ಅಭಿಪ್ರಾಯ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಬರ್ಮಾದ ಸೇನಾಡಳಿತದ ವಿರುದ್ಧ 1996ರಲ್ಲಿ ಇಂಥದ್ದೇ ಕಾನೂನು ಮಾಡಿತ್ತು. 2000ದ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಅದನ್ನು ತಳ್ಳಿಹಾಕಿತು.

ಪ್ರಶ್ನೆ: ಸರ್ಕಾರ ಮಾಡಿದ ತಪ್ಪಿಗೆ ಇಡೀ ದೇಶದ ಜನರಿಗೆ ಬಹಿಷ್ಕಾರ ಹಾಕುವುದು ನ್ಯಾಯವೇ?
(ಶಾಲಾ ಶಿಕ್ಷಕಿ, ಗೋರೆಗಾಂವ್)

ಉತ್ತರ: ನೀವು ಬಳಸಿದ ಬಹಿಷ್ಕಾರ ಎಂಬ ಪದವೇ ಚುಚ್ಚುತ್ತದೆ. ಬೆಂಕಿ, ನೀರು, ಕೂಲಿ ನಿಲ್ಲಿಸಿ ಒಂದು ಮನೆಯನ್ನು ಊರಿನಿಂದ ಹೊರಗಿಡುವ ಪಂಚಾಯಿತಿಯ ಪದ್ಧತಿಯನ್ನು ಇದೇ ಮಹಾರಾಷ್ಟ್ರ 2016ರ ಕಾಯ್ದೆಯಿಂದ ಅಪರಾಧವೆಂದು ಸಾರಿದೆ. ದೇಶಗಳ ನಡುವೆ ಮಾತ್ರ ಅದು ಇನ್ನೂ ಸಾಧನವಾಗಿ ಉಳಿದಿದೆ. ಕುವೈತ್ ಆಕ್ರಮಿಸಿದ ಇರಾಕ್ ಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1990ರ ಆಗಸ್ಟ್ 6ರಂದು ಹೇರಿದ ಸಮಗ್ರ ನಿರ್ಬಂಧದಡಿ ಆಸ್ಪತ್ರೆಗಳೂ ನೀರು ಶುದ್ಧೀಕರಣ ಘಟಕಗಳೂ ಬಿಡಿಭಾಗಗಳಿಲ್ಲದೆ ಸೊರಗಿದವು; ಸದ್ದಾಮ್ ಹುಸೇನ್ ಮಾತ್ರ ಅಧಿಕಾರದಲ್ಲಿಯೇ ಇದ್ದರು. ತೈಲ ಮಾರಿ ಆಹಾರ ತರುವ ಯೋಜನೆ ಕಾರ್ಯರೂಪಕ್ಕೆ ಬಂದದ್ದು 1996ರ ಕೊನೆಯಲ್ಲಿ. ಅಲ್ಲಿ ಆ ಯೋಜನೆಯ ಹೊಣೆ ಹೊತ್ತಿದ್ದ ವಿಶ್ವಸಂಸ್ಥೆಯ ಹಿರಿಯ ಅಧಿಕಾರಿ ಡೆನಿಸ್ ಹ್ಯಾಲಿಡೇ 1998ರಲ್ಲಿ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಅನ್ನ, ಔಷಧ ಮತ್ತು ನೀರಿಗೆ ಬೇಕಾದ ಸಾಮಗ್ರಿಗೆ ವಿನಾಯಿತಿಯನ್ನು ಕಾನೂನಿನ ಮೊದಲ ಪುಟದಲ್ಲೇ ಬರೆಯದ ಯಾವ ನಿರ್ಬಂಧವನ್ನೂ ನಾನು ಬೆಂಬಲಿಸಲಾರೆ. ಬ್ಯಾಂಕುಗಳು ಹೆದರಿ ಹಣ ಪಾವತಿಯನ್ನೇ ನಿರಾಕರಿಸಿದರೆ ಆ ವಿನಾಯಿತಿ ಕಾಗದದಲ್ಲೇ ಉಳಿಯುವುದರಿಂದ, ಹಣ ಹರಿಯುವ ದಾರಿಯನ್ನೂ ಅಲ್ಲೇ ಹೇಳಬೇಕು.

ಪ್ರಶ್ನೆ: ವಾಶಿಯ ಮಾರುಕಟ್ಟೆಯಲ್ಲಿ ಒಣಹಣ್ಣಿನ ವ್ಯಾಪಾರ ನಮ್ಮದು. ದುಬೈನಿಂದ ಬಂದ ಒಣ ಖರ್ಜೂರಕ್ಕೂ ಈಗ ಕಸ್ಟಮ್ಸ್‌ನವರು ಮೂಲ ಕೇಳುತ್ತಿದ್ದಾರೆ. ಸಂಸತ್ತಿನಲ್ಲಿ ಚರ್ಚೆಯೇ ಇಲ್ಲದೆ ಒಂದು ಅಧಿಸೂಚನೆ ನಮ್ಮ ವ್ಯಾಪಾರವನ್ನು ನಿಲ್ಲಿಸಬಲ್ಲದೇ? ಹಡಗಿನಲ್ಲಿರುವ ಸರಕಿನ ಗತಿ ಏನು?
(ವ್ಯಾಪಾರಿ, ನವಿ ಮುಂಬೈ)

ಉತ್ತರ: ನಿಲ್ಲಿಸಬಲ್ಲದು. ನಮ್ಮಲ್ಲಿ ಅಮೆರಿಕದಂತೆ ದೇಶದ ಹೆಸರು ಹೇಳಿ ನಿರ್ಬಂಧ ಹೇರುವ ಕಾಯ್ದೆಗಳ ಸಂಪ್ರದಾಯವಿಲ್ಲ. ಭದ್ರತಾ ಮಂಡಳಿ ಸೂಚಿಸಿದ ನಿರ್ಬಂಧವನ್ನು ರಾಜ್ಯಪತ್ರದ ಆದೇಶದಿಂದ ಜಾರಿಗೊಳಿಸಲು 1947ರ ವಿಶ್ವಸಂಸ್ಥೆ ಭದ್ರತಾ ಮಂಡಳಿ ಕಾಯ್ದೆ ಇದೆ; ನಾವಾಗಿಯೇ ಹೇರುವುದಕ್ಕೆ 1992ರ ವಿದೇಶ ವ್ಯಾಪಾರ ಕಾಯ್ದೆಯ 3ನೆಯ ಕಲಮು ಇದೆ. ಪಹಲ್ಗಾಮ್ ಹತ್ಯಾಕಾಂಡದ ಹತ್ತು ದಿನಗಳ ನಂತರ, 2025ರ ಮೇ 2ರಂದು, ಪಾಕಿಸ್ತಾನದಲ್ಲಿ ಹುಟ್ಟಿದ ಅಥವಾ ಅಲ್ಲಿಂದ ರಫ್ತಾದ ಎಲ್ಲ ಸರಕಿನ ನೇರ ಮತ್ತು ಪರೋಕ್ಷ ಆಮದನ್ನೂ ಸಾಗಾಟವನ್ನೂ ನಿಷೇಧಿಸಿದ್ದು ಈ ಕಾಯ್ದೆಯ ಬಲದಿಂದ. ಪರೋಕ್ಷ ಎಂಬ ಆ ಒಂದು ಪದವೇ ದುಬೈನ ಖರ್ಜೂರದ ಬೆನ್ನು ಹತ್ತಿರುವುದು. ಅದೇ ಜೂನ್‌ನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ ಡೀಪ್ ಮ್ಯಾನಿಫೆಸ್ಟ್ ಕಾರ್ಯಾಚರಣೆಯಲ್ಲಿ ನಾವಾ ಶೇವಾದಲ್ಲಿ 39 ಕಂಟೇನರುಗಳನ್ನು ಹಿಡಿದಾಗ, ಅವುಗಳಲ್ಲಿದ್ದ 1,115 ಟನ್ ಸರಕು ದುಬೈ ಮೂಲಕ ಬಂದ ಪಾಕಿಸ್ತಾನದ್ದೆಂದು ತಿಳಿಸಿತ್ತು. ಹತ್ಯೆಯಾದವರ ನೋವಿನ ಮುಂದೆ ನಮ್ಮ ಲಾಭ ನಷ್ಟ ಸಣ್ಣದೆಂದು ನೀವೇ ಪತ್ರದಲ್ಲಿ ಬರೆದಿದ್ದೀರಿ. ಆ ಮಾತಿಗೆ ತಲೆಬಾಗುತ್ತೇನೆ. ಆದರೆ ಆ ಅಧಿಸೂಚನೆಯಲ್ಲಿ ಇರುವುದು ಮುಂದಿನ ಆದೇಶದವರೆಗೆ ಎಂಬ ಅವಧಿ ಮಾತ್ರ. ಇಂಥ ಆದೇಶವನ್ನು ನಂತರ ಸದನಗಳ ಮುಂದೆ ಇಡಬೇಕು, ಮೊದಲೇ ಒಪ್ಪಿಗೆ ಬೇಕಿಲ್ಲ. ತುರ್ತಿನಲ್ಲಿ ಸರ್ಕಾರ ಕೂಡಲೇ ಕ್ರಮ ಕೈಗೊಳ್ಳುವುದು ಸರಿಯೇ. ಆರು ತಿಂಗಳೊಳಗೆ ಅದು ಸಂಸತ್ತಿನ ಚರ್ಚೆಗೆ ಬಂದು, ಯಾವುದಕ್ಕಾಗಿ ನಿರ್ಬಂಧ, ಏನಾದರೆ ತೆರವು, ಮತ್ತೆ ಯಾವಾಗ ಪರಿಶೀಲನೆ ಎಂಬುದು ಕಾಯ್ದೆಯ ಭಾಷೆಯಲ್ಲಿ ದಾಖಲಾಗಬೇಕೆಂದು ನಾನು ಬಹಳ ಕಾಲದಿಂದ ವಾದಿಸುತ್ತ ಬಂದಿದ್ದೇನೆ.

ಹಡಗಿನಲ್ಲಿರುವ ಸರಕಿನ ಬಗ್ಗೆ: ಅಧಿಸೂಚನೆಯೇ ಬೇರೆ ರೀತಿ ಹೇಳದಿದ್ದರೆ, ನಿಷೇಧಕ್ಕೆ ಮೊದಲೇ ತೆರೆದ ಹಿಂತೆಗೆಯಲಾಗದ ಲೆಟರ್ ಆಫ್ ಕ್ರೆಡಿಟ್ (ಬ್ಯಾಂಕಿನ ಪಾವತಿ ಖಾತರಿ ಪತ್ರ) ಇದ್ದಾಗ ಸಾಮಾನ್ಯವಾಗಿ ರಕ್ಷಣೆ ಕೊಡುವ ನಿಯಮ ವಿದೇಶ ವ್ಯಾಪಾರ ನೀತಿಯಲ್ಲಿದೆ. ಸುಂಕದ ವಿಷಯದಲ್ಲಿ ನಿಮಗೆ ಇನ್ನೊಂದು ಆಸರೆ 2020ರ ಸೆಪ್ಟೆಂಬರ್ 23ರ ಸುಪ್ರೀಂ ಕೋರ್ಟ್ ತೀರ್ಪು. ಪುಲ್ವಾಮಾ ದಾಳಿಯ ಬಳಿಕ 2019ರ ಫೆಬ್ರವರಿ 16ರಂದು ಪಾಕಿಸ್ತಾನದ ಸರಕಿಗೆ ಶೇಕಡಾ 200 ಸುಂಕ ವಿಧಿಸಿದಾಗ, ಅದೇ ಹಗಲು ಅಟಾರಿಯಲ್ಲಿ ಬಿಲ್ ಆಫ್ ಎಂಟ್ರಿ (ಆಮದು ಸರಕಿನ ಘೋಷಣಾಪತ್ರ) ಸಲ್ಲಿಸಿದ್ದವರಿಂದಲೂ ಹೊಸ ದರ ಕೇಳಲಾಗಿತ್ತು. ಅಧಿಸೂಚನೆ ಇ–ಗೆಜೆಟ್‌ನಲ್ಲಿ ಪ್ರಕಟವಾದದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ; ಅದಕ್ಕೆ ಮೊದಲು ಸಲ್ಲಿಸಿದವರಿಗೆ ಅದು ಅನ್ವಯಿಸದು ಎಂದು ನ್ಯಾಯಾಲಯ ಹೇಳಿತು. ಆದ್ದರಿಂದ ನಿಮ್ಮ ಪ್ರತಿ ಬಿಲ್ಲಿನ ಸಲ್ಲಿಕೆಯ ವೇಳೆ ನಮೂದಾಗಿರುವ ವಿದ್ಯುನ್ಮಾನ ರಸೀದಿಯನ್ನು ಮುದ್ರಿಸಿ ಕಡತದಲ್ಲಿ ಇಡಿ. ಖರ್ಜೂರ ಇರಾಕಿನದೋ ಸೌದಿಯದೋ ಆಗಿದ್ದರೆ, ದುಬೈನ ಮಧ್ಯವರ್ತಿಯ ಪತ್ರವನ್ನಷ್ಟೇ ನಂಬದೆ, ಬೆಳೆದ ದೇಶದ ಮೂಲ ಪ್ರಮಾಣಪತ್ರವನ್ನೂ ಅಲ್ಲಿಂದ ದುಬೈಗೆ ಬಂದ ಹಡಗಿನ ದಾಖಲೆಯನ್ನೂ ಮುಂಗಡ ಹಣ ಕೊಡುವ ಮೊದಲೇ ತರಿಸಿಕೊಳ್ಳಿ.